ಬಿಚ್ಚಿಟ್ಟ ಭಾಗಗಳ ಪೆಟ್ಟಿಗೆ

ನಮ್ಮ ಗ್ಯಾರೇಜಿನ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಹೋದ ವರ್ಷದ ಯುಗಾದಿಯ ಹೊತ್ತಿಗೆ ಅದರೊಳಗೆ ಇದ್ದದ್ದು ಇಷ್ಟು: ನಾಲ್ಕು ಸ್ಪ್ರಿಂಗು, ಒಂದು ಸ್ಟೀರಿಂಗ್ ವೀಲು, ಫಳಫಳ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಕ್ಯಾಸೆಟ್ ಪ್ಲೇಯರು, ಸವೆದ ಗೇರ್ ಗುಂಡು, ಅಮ್ಮನ ಹಳೇ ಸೀರೆ ತುಂಡಿನಲ್ಲಿ ಸುತ್ತಿಟ್ಟ ಸೀಟಿನ ಸ್ಪಂಜು. ಒಂದೊಂದಕ್ಕೂ ಚೀಟಿ ಕಟ್ಟಿದ್ದೇನೆ. ಯಾವತ್ತು ಬಿಚ್ಚಿದ್ದು, ಯಾಕೆ ಬಿಚ್ಚಿದ್ದು, ಬೋಲ್ಟು ಎಲ್ಲಿಯದು ಅಂತ. ಇಪ್ಪತ್ತು ವರ್ಷ ದಾಟಿತು ಆ ಕೆಂಪು ಮಜ್ದಾ ಮಿಯಾಟಾ ನನ್ನ ಕೈಗೆ ಬಂದು. ಅದಕ್ಕೆ ನಾನು ಏನೇನು ಮಾಡಿದೆ ಎಂಬ ಲೆಕ್ಕ ಕಾರಿಗಿಂತ ಈ ಪೆಟ್ಟಿಗೆಯಲ್ಲೇ ಚೆನ್ನಾಗಿ ಸಿಗುತ್ತದೆ.

ಕಾರು 1992ರದ್ದು. ನಾನು ಕೊಂಡದ್ದು 2004ರಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ನಿವೃತ್ತ ಶಿಕ್ಷಕಿಯೊಬ್ಬರಿಂದ. ಆಗಲೇ 92 ಸಾವಿರ ಮೈಲಿ ಓಡಿತ್ತು. ಕೆಂಪು ಬಣ್ಣ ಬಿಸಿಲಿಗೆ ಕಂದಿ ಬಾನೆಟ್ಟಿನ ಮೇಲೆ ಗುಲಾಬಿ ಛಾಯೆ ಬಂದಿತ್ತು. ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿತ್ತು. ಆದರೆ ಆಕೆ ಹನ್ನೆರಡು ವರ್ಷದ ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿ ಸಾಲಾಗಿ ಜೋಡಿಸಿ ಕೊಟ್ಟರು. ಮನಸ್ಸು ಸೋತದ್ದು ಅಲ್ಲೇ. ಮನೆಗೆ ತಂದಾಗ ನನ್ನ ಹೆಂಡತಿ ಒಂದು ಸುತ್ತು ಹಾಕಿ ನೋಡಿ, "ಎರಡೇ ಸೀಟಾ?" ಅಂದಳು. ಆಮೇಲೆ ಬಾಗಿಲು ತೆಗೆದು ಕೂತು, "ಹೊರಡಿ ಮತ್ತೆ" ಅಂದಳು.

ಈ ಕಾರು ಹುಟ್ಟಿದ ಬಗೆಯನ್ನು ತಿಳಿಯದೆ ಅದಕ್ಕೆ ಸ್ಪ್ಯಾನರ್ ಹಾಕಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. 1970ರ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಪುಟ್ಟ ತೆರೆದ ಕಾರುಗಳ ಕಾಲ ಮುಗಿಯುತ್ತಾ ಬಂದಿತ್ತು. ಎಂಜಿ, ಟ್ರಯಂಫ್, ಲೋಟಸ್ ಎಲಾನ್‌ನಂಥ ಕಾರುಗಳಿಗೆ ಮನಸೋತವರು ಲಕ್ಷಾಂತರ ಮಂದಿ ಇದ್ದರು. ಎಣ್ಣೆ ಸೋರದ, ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಅಂಥದ್ದೊಂದು ಕಾರನ್ನು ಮಾಡುವವರು ಯಾರೂ ಇರಲಿಲ್ಲ. ಅಮೆರಿಕದ ಕಾರು ಪತ್ರಕರ್ತ ಬಾಬ್ ಹಾಲ್ ಜಪಾನಿ ಭಾಷೆ ಬಲ್ಲವರು. ಮಜ್ದಾದ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದ ಕೆನಿಚಿ ಯಮಾಮೊಟೊ ಅವರ ಮುಂದೆ ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು, ನೀವು ಮಾಡಬೇಕಾದ ಕಾರು ಇದು ಅಂತ ಹೇಳಿದರು. ಮುಂದೆ ಹಾಲ್ ಮಜ್ದಾಕ್ಕೇ ಸೇರಿದರು, ಯಮಾಮೊಟೊ ಕಂಪನಿಯ ಅಧ್ಯಕ್ಷರಾದರು. ಟೋಕಿಯೊದ ತಂಡಕ್ಕೂ ಕ್ಯಾಲಿಫೋರ್ನಿಯಾದ ತಂಡಕ್ಕೂ ಒಳಗೊಳಗೇ ಸ್ಪರ್ಧೆ ನಡೆದು, ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ತಲೆಯ ಮೇಲೆ ಆಕಾಶ ಎಂಬ ಕ್ಯಾಲಿಫೋರ್ನಿಯಾದವರ ಲೆಕ್ಕ ಗೆದ್ದಿತು. 1989ರ ಫೆಬ್ರವರಿಯಲ್ಲಿ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ ಕಾರು ಹೊರಬಂತು. ಬೆಲೆ 13,800 ಡಾಲರ್. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೊಸ್ ರೋಡ್‌ಸ್ಟರ್. ಕಾರು ಒಂದೇ.

ಮುಖ್ಯ ಎಂಜಿನಿಯರ್ ತೊಶಿಹಿಕೊ ಹಿರಾಯ್ ತಮ್ಮ ತಂಡದ ಕಣ್ಣ ಮುಂದೆ ಇಟ್ಟದ್ದು ಒಂದೇ ಮಾತು: ಜಿನ್ಬಾ ಇತ್ತಾಯ್. ಕುದುರೆಯೂ ಸವಾರನೂ ಒಂದೇ ದೇಹ ಎಂದು ಅದರ ಅರ್ಥ. ಶಕ್ತಿಯ ಲೆಕ್ಕಕ್ಕೆ ಬಂದರೆ ಎಂಜಿನ್ 1.6 ಲೀಟರಿನದು, ಅಮೆರಿಕದ ಮಾದರಿಯಲ್ಲಿ ಬರೀ 116 ಅಶ್ವಶಕ್ತಿ. ಆದರೆ ಜಪಾನಿನ ಮೊದಲ ಮಾದರಿಯ ತೂಕ ಸುಮಾರು 940 ಕಿಲೊ. ನಮ್ಮ ಅಂಬಾಸಡರಿಗಿಂತ ಹಗುರ. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಕೊಟ್ಟರು. ತೂಕ ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚಿಹೋಗಲಿ ಎಂದು ಬ್ಯಾಟರಿಯನ್ನು ಡಿಕ್ಕಿಯಲ್ಲಿಟ್ಟರು. ಗೇರ್‌ಬಾಕ್ಸಿಗೂ ಹಿಂದಿನ ಡಿಫರೆನ್ಷಿಯಲ್ಲಿಗೂ ನಡುವೆ ಅಲ್ಯೂಮಿನಿಯಂನ ಉದ್ದನೆಯ ಚೌಕಟ್ಟೊಂದನ್ನು ಕಟ್ಟಿದರು. ಕಾಲು ಒತ್ತಿದ ಕ್ಷಣಕ್ಕೇ ಬೆನ್ನಿಗೆ ಎಳೆತ ತಟ್ಟುವುದು ಅದರಿಂದ. ಗೇರ್ ಕೋಲು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಯುವ ದೂರ ಎರಡು ಅಂಗುಲಕ್ಕೂ ಕಡಿಮೆ. ಕಾಗದದ ಮೇಲೆ ಇವೆಲ್ಲ ಬರೀ ಅಂಕಿಗಳು. ತಿರುವಿಗೆ ಮುಂಚೆ ನಾಲ್ಕರಿಂದ ಮೂರಕ್ಕೆ ಗೇರ್ ಇಳಿಸುವಾಗ ಮಣಿಕಟ್ಟಿಗೆ ತಿಳಿಯುತ್ತದೆ, ಯಾರೋ ಕೂತು ಇದನ್ನು ಯೋಚಿಸಿ ಮಾಡಿದ್ದಾರೆ ಅಂತ.

ಇಂಥ ಕಾರು ಕೈಗೆ ಬಂದವರಿಗೆಲ್ಲ ಮೊದಲು ಹೊಳೆಯುವುದು ಟರ್ಬೊ. ನನಗೂ ಹೊಳೆದಿತ್ತು. ಆದರೆ ಮೊದಲ ವರ್ಷವೆಲ್ಲ ಹೋದದ್ದು ಕಾರನ್ನು ಅದರ ಮೊದಲಿನ ಸ್ಥಿತಿಗೆ ತರುವುದರಲ್ಲೇ. 60 ಸಾವಿರ ಮೈಲಿಗೊಮ್ಮೆ ಬದಲಿಸಬೇಕಾದ ಟೈಮಿಂಗ್ ಬೆಲ್ಟು, ಅದರ ಜೊತೆಗೆ ವಾಟರ್ ಪಂಪು, ಗಟ್ಟಿಯಾಗಿ ಬಿರುಕುಬಿಟ್ಟ ರಬ್ಬರ್ ಪೈಪುಗಳು. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಒಂದು ದಿನ ಆಫೀಸಿನ ಮುಂದೆಯೇ ಸೋರಿ, ಪೆಡಲು ನೆಲಕ್ಕೆ ಅಂಟಿಕೊಂಡಿತು. ಈ ಜಾತಿಯ ಕಾರಿನಲ್ಲಿ ಅದು ಎಲ್ಲರಿಗೂ ಬರುವ ಕಾಯಿಲೆ.

ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ಎರಡು ಸಣ್ಣ ತೂತು. ಬಟ್ಟೆಯ ಮೇಲುಹೊದಿಕೆಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ದೋಣಿಯಂಥ ಪಟ್ಟಿಗೆ ಇಳಿದು, ಎರಡೂ ಪಕ್ಕದ ಕೊಳವೆಗಳ ಮೂಲಕ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಸುರಿಯಬೇಕು. ಆ ಕೊಳವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲಿನ ಕೆಳಗಿನ ಪೆಟ್ಟಿಗೆಯಂಥ ಜಾಗದಲ್ಲಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣದ ಗುಳ್ಳೆ ಎದ್ದು ಕಾಣುವಷ್ಟರಲ್ಲಿ ಒಳಗೆ ತಗಡು ಹೋಗಿರುತ್ತದೆ. ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ತೂರಿಸಿ ನಾನು ಹೊರಗೆಳೆದದ್ದು ಒಂದು ಹಿಡಿ ರೆಡ್‌ವುಡ್ ಮರದ ಸೂಜಿ ಎಲೆ. ಸಾಂತಾ ಕ್ರೂಜ್ ಬೆಟ್ಟದವು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಚೊಂಬು ನೀರು ಹೊಯ್ದು, ಎರಡೂ ಕಡೆ ಸಮನಾಗಿ ಸುರಿಯುತ್ತದೆಯೇ ಎಂದು ನೋಡುತ್ತೇನೆ. ಟರ್ಬೊ ಕೂರಿಸಿ, ಈ ತೂತನ್ನು ಮರೆತವರ ಕಾರುಗಳು ತುಕ್ಕಿನಲ್ಲಿ ಮುಗಿದದ್ದನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಬಿಚ್ಚುವ ಕೆಲಸ ನಾನು ಕಲಿತದ್ದು ಮೈಸೂರಿನಲ್ಲಿ. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಅವರ ಹತ್ತಿರ ಒಂದು ಯೆಜ್ಡಿ ಇತ್ತು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ನಮ್ಮೂರಿನವರಿಗೆ ಆ ಗಾಡಿ ಮನೆಮಗನ ಹಾಗೆ. ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಆಗಿದ್ದ, ಎರಡು ಸೈಲೆನ್ಸರಿನ ಗಾಡಿ. ತಿಂಗಳಿಗೊಂದು ಭಾನುವಾರ ಅಪ್ಪ ಸೈಲೆನ್ಸರಿನ ಒಳಗೊಳವೆಯನ್ನು ಎಳೆದು, ಬಚ್ಚಲ ಒಲೆಯೊಳಗೆ ಕೆಂಪಗೆ ಕಾಯಿಸಿ, ಕಲ್ಲಿಗೆ ಕುಟ್ಟಿ ಮಸಿ ಉದುರಿಸುತ್ತಿದ್ದರು. ಬಿಚ್ಚಿದ ಒಂದೊಂದು ನಟ್ಟನ್ನೂ ಹಳೇ ಪೇಪರಿನ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಡುವುದು ನನ್ನ ಕೆಲಸ. ಹಾಕುವಾಗ ಬಲದಿಂದ ಎಡಕ್ಕೆ ಬರಬೇಕು. ಗಾಳಿಗೆ ಪೇಪರ್ ಮಗುಚಿದರೆ ಆವತ್ತಿನ ಭಾನುವಾರ ಅಷ್ಟೇ. "ಬಿಚ್ಚೋದು ಯಾರು ಬೇಕಾದ್ರೂ ಬಿಚ್ತಾರೆ ಕಣೋ, ಬಿಚ್ಚಿದ್ದನ್ನ ಎಲ್ಲಿಟ್ಟೆ ಹೇಳು" ಅನ್ನುತ್ತಿದ್ದರು. ಅಟ್ಟದ ಮೇಲಿನ ಪೆಟ್ಟಿಗೆ ಆ ಪೇಪರಿನ ಮುಂದುವರಿಕೆ.

ಪೆಟ್ಟಿಗೆಗೆ ಮೊದಲು ಹೋದದ್ದು ಸ್ಪಂಜು. ನಾನು ಆರಡಿ ಎತ್ತರ. ಕೂತರೆ ಗಾಜಿನ ಮೇಲಂಚಿನ ಕಂಬಿ ಸರಿಯಾಗಿ ಕಣ್ಣಿನ ಮಟ್ಟಕ್ಕೇ ಬರುತ್ತಿತ್ತು. ಸಿಗ್ನಲ್ ದೀಪ ನೋಡಲು ಕತ್ತು ಬಗ್ಗಿಸಬೇಕು. ಈ ಕಾರಿನಲ್ಲಿ ಸ್ಟೀರಿಂಗನ್ನು ಮೇಲೆ ಕೆಳಗೆ ಮಾಡುವ ವ್ಯವಸ್ಥೆಯೇ ಇಲ್ಲ. ಎತ್ತರದವರು ಇದಕ್ಕೆ ಕಂಡುಕೊಂಡ ಉಪಾಯ ಸೀಟಿನ ಸ್ಪಂಜನ್ನು ಕೊಯ್ಯುವುದು. 2005ರಲ್ಲಿ ಸೀಟು ಬಿಚ್ಚಿ, ಮಗುಚಿ, ಹೊದಿಕೆ ಹಿಡಿದಿದ್ದ ತಂತಿಯ ಉಂಗುರಗಳನ್ನು ಒಂದೊಂದಾಗಿ ಕಿತ್ತು, ಬ್ರೆಡ್ ಕೊಯ್ಯುವ ಚಾಕುವಿನಿಂದ ಎರಡು ಅಂಗುಲ ದಪ್ಪದ ಪದರ ತೆಗೆದೆ. ಮತ್ತೆ ಕೂತಾಗ ರಸ್ತೆ ಪೂರ್ತಿ ಕಂಡಿತು. ಖರ್ಚು ಒಂದು ಕಾಸೂ ಇಲ್ಲ, ತೂಕ ಒಂದು ತೊಲವೂ ಏರಲಿಲ್ಲ. ಈ ಕಾರಿಗೆ ನಾನು ಮಾಡಿದ ಮಾರ್ಪಾಡುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಆಮೇಲೆ ಬಂದದ್ದು ನಾರ್ಡಿ ಕಂಪನಿಯ ಮರದ ಸ್ಟೀರಿಂಗು. ಜಪಾನಿನಲ್ಲಿ 1990ರಲ್ಲಿ ಬಂದ ವಿ ಸ್ಪೆಷಲ್ ಎಂಬ ಹಸಿರು ಮಾದರಿಗೆ ಕಾರ್ಖಾನೆಯಿಂದಲೇ ಇದು ಬರುತ್ತಿತ್ತು. ಕಂಪನಿಯ ಸ್ಟೀರಿಂಗಿನ ನಡುವೆ ಏರ್‌ಬ್ಯಾಗಿನ ದಪ್ಪ ಗಂಟು, ನೋಡಲು ಒರಟು. ನಾರ್ಡಿಯ ಮರ ಅಂಗೈಯಲ್ಲಿ ಬೆಚ್ಚಗೆ ಕೂರುತ್ತದೆ. ಬಿಚ್ಚಿದ ಏರ್‌ಬ್ಯಾಗನ್ನು ಮುಖ ಮೇಲೆ ಮಾಡಿಯೇ ಇಡಬೇಕು. ಅಕಸ್ಮಾತ್ ಸಿಡಿದರೂ ಗಾಳಿ ಮೇಲಕ್ಕೆ ಹೋಗಲಿ ಅಂತ. ಹಾಗೇ ಇಟ್ಟೆ. ಇಡುವಾಗ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕು ಇತ್ತು. ಎದೆಯ ಕಾವಲನ್ನು ತೆಗೆದು ಅಂದ ಕೂರಿಸಿದ್ದೇನೆ ಎಂಬುದು ನನಗೆ ಗೊತ್ತಿತ್ತು.

2007ರಲ್ಲಿ ಮಾಡಿದ ತಪ್ಪು ಇನ್ನೂ ದೊಡ್ಡದು. ಆ ಕಾಲದಲ್ಲಿ ಎಲ್ಲರೂ ಕಾರನ್ನು ನೆಲಕ್ಕೆ ಇಳಿಸುತ್ತಿದ್ದರು. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವಿನ ಸಂದು ಮುಚ್ಚಿದಷ್ಟೂ ಚಂದ ಎಂಬ ಭಾವನೆ. ಗಿಡ್ಡ ಸ್ಪ್ರಿಂಗು ತಂದು ಹಾಕಿದೆ. ನಿಂತಾಗ ನಿಜಕ್ಕೂ ಚೆಲುವಾಗಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೂ ಪೆಸಿಫಿಕ್ ಸಾಗರಕ್ಕೂ ನಡುವಿನ ಬೆಟ್ಟದ ನೆತ್ತಿಯ ಮೇಲೆ ಸ್ಕೈಲೈನ್ ರಸ್ತೆ ಇದೆ. ಅಲ್ಲಿಂದ ಲಾ ಹೊಂಡಾ ಕಡೆಗೆ ಇಳಿಯುವ 84ನೇ ಹೆದ್ದಾರಿಯಲ್ಲಿ ರೆಡ್‌ವುಡ್ ಮರಗಳ ನಡುವೆ ಒಂದರ ಹಿಂದೆ ಒಂದು ತಿರುವು. ಅದು ಈ ಕಾರಿನ ತವರು ಅನ್ನಬಹುದು. ಅಲ್ಲಿ ಒಂದು ತಿರುವಿನ ನಡುವೆ ರಸ್ತೆ ಸ್ವಲ್ಪ ಉಬ್ಬಿತ್ತು, ಕಾರು ಧಡ್ ಎಂದು ಹಾರಿ ಒಂದಡಿ ಪಕ್ಕಕ್ಕೆ ಸರಿಯಿತು. ಎದುರಿಗೆ ಯಾರೂ ಇರಲಿಲ್ಲ, ಅದೇ ಪುಣ್ಯ.

ಆದದ್ದು ಇಷ್ಟು. ಈ ಕಾರಿನ ಚಕ್ರಕ್ಕೆ ಮೇಲೆ ಕೆಳಗೆ ಆಡಲು ಇರುವ ಜಾಗವೇ ಕಡಿಮೆ. ಸ್ಪ್ರಿಂಗು ಗಿಡ್ಡವಾದರೆ ಆ ಜಾಗದ ದೊಡ್ಡ ಪಾಲು ಕಾರು ಸುಮ್ಮನೆ ನಿಂತಾಗಲೇ ಖರ್ಚಾಗಿರುತ್ತದೆ. ಸಣ್ಣ ಉಬ್ಬಿಗೂ ಸಸ್ಪೆನ್ಷನ್ ರಬ್ಬರ್ ತಡೆಗೆ ಬಡಿಯುತ್ತದೆ. ಬಡಿದ ಕ್ಷಣ ಅಲ್ಲಿ ಸ್ಪ್ರಿಂಗೇ ಇಲ್ಲದಂತೆ. ಭಾರವೆಲ್ಲ ಒಮ್ಮೆಲೇ ಟೈರಿನ ಮೇಲೆ ಬಿದ್ದು ಹಿಡಿತ ತಪ್ಪುತ್ತದೆ. ಹಿರಾಯ್ ತಂಡ ವರ್ಷಗಟ್ಟಲೆ ಕೂತು ಹೊಂದಿಸಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದೆ. ಆದರೂ ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು. 2009ರಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋದೆ. ಮೂರನೇ ಗುಂಡಿ ದಾಟಿದ ಮೇಲೆ ಅಪ್ಪ ಅಂದರು, "ಇದರ ಕಾಲು ಕತ್ತರಿಸಿಬಿಟ್ಟಿದ್ದೀಯಲ್ಲೋ." ಆ ವಾರದ ಕೊನೆಗೇ ಕಂಪನಿಯ ಸ್ಪ್ರಿಂಗುಗಳು ಪೆಟ್ಟಿಗೆಯಿಂದ ಇಳಿದು ಕಾರಿಗೆ ಬಂದವು, ಅವುಗಳ ಜೊತೆ ಹೊಸ ಶಾಕ್ ಅಬ್ಸಾರ್ಬರ್. ಅಪ್ಪ ಮಣೆಯ ಮೇಲೆ ಕೂತು ಬೋಲ್ಟುಗಳನ್ನು ಎಡದಿಂದ ಬಲಕ್ಕೆ ಜೋಡಿಸಿದರು. ಗಿಡ್ಡ ಸ್ಪ್ರಿಂಗುಗಳು ಪೆಟ್ಟಿಗೆಗೆ ಹೋದವು. ಈಗಲೂ ಅಲ್ಲೇ ಇವೆ.

ಅಲ್ಯೂಮಿನಿಯಂ ಕೊಳವೆಯದೂ ಅದೇ ಕತೆ. ತಂಪು ಗಾಳಿ ಎಳೆದರೆ ಎಂಜಿನ್ನಿಗೆ ಬಲ ಬರುತ್ತದೆ ಎಂದು ಹಾಕಿದ್ದು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದ ಈಚಿನ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಕಡ್ಡಾಯ. ನನ್ನ ಕಾರಿನಷ್ಟು ಹಳೆಯದನ್ನು ಉರುಳೆಗಳ ಮೇಲೆ ಓಡಿಸಿ ಹೊಗೆ ಅಳೆಯುತ್ತಾರೆ. ಅದರ ಜೊತೆಗೆ ಬಾನೆಟ್ ತೆಗೆದು ಕಣ್ಣಿನ ತಪಾಸಣೆ. ಹೊಗೆಗೆ ಸಂಬಂಧಿಸಿದ ಯಾವ ಹೊರಗಿನ ಭಾಗ ಹಾಕಿದ್ದರೂ ಅದರ ಮೇಲೆ ರಾಜ್ಯದ ವಾಯು ಮಂಡಳಿ ಕೊಟ್ಟ ಆದೇಶದ ಸಂಖ್ಯೆ ಇರಲೇಬೇಕು. ನನ್ನ ಕೊಳವೆಗೆ ಇರಲಿಲ್ಲ. ಹೊಗೆ ಶುದ್ಧವಾಗಿದ್ದರೂ ಕಾರು ಫೇಲಾಯಿತು. ಆವತ್ತು ಸಿಟ್ಟು ಬಂದಿತ್ತು. ಈಗ ಆ ನಿಯಮ ಸರಿ ಅನಿಸುತ್ತದೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಕೂಡದು ಎಂದು ಭಾಗ ಭಾಗಕ್ಕೆ ಪರೀಕ್ಷೆ ಮಾಡಿ ಹೇಳುವ ವ್ಯವಸ್ಥೆ ಅದು.

ನಮ್ಮಲ್ಲಿ ಇಲ್ಲದಿರುವುದು ಇದೇ. ಭಾರತದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು ವಾಹನದ ಮೂಲ ಸ್ವರೂಪ ಬದಲಿಸುವುದನ್ನು ತಡೆಯುತ್ತದೆ. ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಸೈಲೆನ್ಸರ್ ಕಿತ್ತು ಬೀದಿ ನಡುಗಿಸುವವರನ್ನು ನೋಡಿದರೆ ನಿಯಮ ಯಾಕೆ ಬಂತು ಎಂಬುದು ತಿಳಿಯುತ್ತದೆ. ಆದರೆ ಒಳ್ಳೆಯ ಬ್ರೇಕು, ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿ ಕಾರನ್ನು ಹಿಂದಿಗಿಂತ ಸುರಕ್ಷಿತ ಮಾಡುವವನಿಗೆ ಇದು ಸರಿ ಅಂತ ಮುದ್ರೆ ಒತ್ತಿ ಕೊಡುವ ದಾರಿಯೂ ಬೇಕು. ಬೆಂಗಳೂರಿನ ಗೆಳೆಯರು ಇಂಥದ್ದೊಂದು ಕಾರನ್ನು ಅಲ್ಲಿಗೆ ತರಲಾಗದೇ ಅಂತ ಕೇಳುತ್ತಾರೆ. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ತರಲು ಆಮದು ನಿಯಮ ಬಿಡುವುದಿಲ್ಲ. ಓಬೀರಾಯನ ಕಾಲದ ವಿಂಟೇಜ್ ಗಾಡಿಗಳದ್ದು ಬೇರೆ ಲೆಕ್ಕ. ಅಮೆರಿಕದಲ್ಲಿ ಇದಕ್ಕೆ ತಿರುವುಮುರುವು: 25 ವರ್ಷ ತುಂಬಿದ ವಿದೇಶಿ ಕಾರಿಗೆ ಇಲ್ಲಿನ ಸುರಕ್ಷತಾ ಮಾನದಂಡದಿಂದ ವಿನಾಯಿತಿ ಸಿಗುತ್ತದೆ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನಂಥ ಬಲಗೈ ಸ್ಟೀರಿಂಗಿನ ಜಪಾನಿ ಕಾರುಗಳು ಇಲ್ಲಿನ ರಸ್ತೆಗಳಲ್ಲಿ ಕಾಣಸಿಗುವುದು ಅದರಿಂದಲೇ.

ಜಪಾನಿನಲ್ಲಿ 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಏರುತ್ತದೆ. ಹಳೆಯದನ್ನು ಬಿಟ್ಟು ಹೊಸದು ಕೊಳ್ಳಿ ಎನ್ನುವ ಆ ದೇಶದಲ್ಲೇ ಮಜ್ದಾ 2017ರಲ್ಲಿ, ಮೊದಲ ತಲೆಮಾರಿನ ರೋಡ್‌ಸ್ಟರುಗಳನ್ನು ತಾನೇ ಹೊಸದರಂತೆ ಮಾಡಿಕೊಡುತ್ತೇನೆ ಎಂದು ಘೋಷಿಸಿ, ಮರುವರ್ಷ ಕೆಲಸ ಶುರು ಮಾಡಿತು. ನಿಂತುಹೋಗಿದ್ದ ಮೇಲುಹೊದಿಕೆ, ನಾರ್ಡಿಯ ಮರದ ಸ್ಟೀರಿಂಗು, ಗೇರ್ ಗುಂಡು ಮತ್ತೆ ತಯಾರಾದವು. ಬ್ರಿಜ್‌ಸ್ಟೋನ್ ಕಂಪನಿ ಆ ಕಾಲದ 14 ಅಂಗುಲದ ಟೈರನ್ನೇ ಮತ್ತೆ ಅಚ್ಚು ಹಾಕಿತು. ನಿಸ್ಸಾನ್, ಟೊಯೊಟಾ ಕೂಡ ತಮ್ಮ ಹಳೇ ಸ್ಪೋರ್ಟ್ಸ್ ಕಾರುಗಳಿಗೆ ಭಾಗ ಮಾಡಲು ಶುರು ಮಾಡಿವೆ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಸಂಖ್ಯೆ ಮುಟ್ಟಿದ ಕಾರು ಇದು. ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರುಗಳಲ್ಲಿ ಇಷ್ಟು ತಯಾರಾದದ್ದು ಇನ್ನೊಂದಿಲ್ಲ. ಆದರೂ ಭಾಗ ಸಿಗದಿದ್ದರೆ ಲಕ್ಷವೂ ಒಂದೇ, ಹತ್ತು ಲಕ್ಷವೂ ಒಂದೇ. ಮಜ್ದಾ ಮತ್ತೆ ಭಾಗ ಮಾಡುತ್ತದೆ ಎಂಬ ಸುದ್ದಿ ಓದಿದ ದಿನ ನನಗೆ ಹಬ್ಬ.

ಟರ್ಬೊ ಹಾಕಲಿಲ್ಲ. ಆ ಆಸೆ ಹೋದದ್ದು ಯಾವಾಗ ಎಂಬುದೂ ನೆನಪಿದೆ. ಗೇರ್ ಕೋಲಿನ ಬುಡದಲ್ಲಿ ಒಂದು ಪುಟ್ಟ ಬಟ್ಟಲಿನಂಥ ಜಾಗ ಇದೆ. ಕೋಲಿನ ಗುಂಡು ಅದರೊಳಗೆ ಎಣ್ಣೆಯಲ್ಲಿ ಮುಳುಗಿ ಆಡಬೇಕು. ವರ್ಷಗಳಾದ ಮೇಲೆ ಎಣ್ಣೆ ಒಣಗಿ, ಕೆಳಗಿನ ಪ್ಲಾಸ್ಟಿಕ್ ಬುಷ್ ಪುಡಿಯಾಗಿ, ಮೇಲಿನ ರಬ್ಬರ್ ಮುಸುಕು ಹರಿದು, ಗೇರ್‌ಬಾಕ್ಸಿನ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತದೆ. ಒಂದು ಸಂಜೆ ಮೂರು ಬೋಲ್ಟು ಬಿಚ್ಚಿ ಕೋಲನ್ನು ಮೇಲೆತ್ತಿದೆ. ಬಟ್ಟಲಿನ ತಳದಲ್ಲಿ ಕಾಡಿಗೆಯಂಥ ಕರೀ ಕೆಸರು. ಒರೆಸಿ ತೆಗೆದು, ಹೊಸ ಬುಷ್ ಕೂರಿಸಿ, ಟೀ ಲೋಟಕ್ಕಿಂತ ಕಡಿಮೆ ಗೇರ್ ಆಯಿಲ್ ಹಾಕಿ ಮುಚ್ಚಿದೆ. ಖರ್ಚು ಮೂವತ್ತು ಡಾಲರಿನ ಒಳಗೆ. ಗೇರ್ ಹಾಕಿದರೆ ಹೊಸ ಬೀಗಕ್ಕೆ ಕೀಲಿ ತಿರುಗಿದ ಹಾಗೆ, ಟಕ್ ಅಂತ ಕೂರುತ್ತದೆ. ಇನ್ನೂರು ಅಶ್ವಶಕ್ತಿಯಿಂದ ನನಗೆ ಬೇಕಾಗಿದ್ದ ಖುಷಿ ಅಲ್ಲಿತ್ತು. ಸುಮ್ಮನೆ ನಿಂತ ಕಾರಿನಲ್ಲಿ ಕೂತು ಹತ್ತು ನಿಮಿಷ ಬರೀ ಗೇರ್ ಬದಲಿಸಿದೆ.

ಹೋದ ವರ್ಷ ಮಗಳಿಗೆ ಹದಿನಾರು ತುಂಬಿತು. ಕಲಿತರೆ ಈ ಕಾರಿನಲ್ಲೇ ಕಲಿಯುತ್ತೇನೆ ಅಂದಳು. ಅವಳ ತರಗತಿಯಲ್ಲಿ ಕ್ಲಚ್ ಒತ್ತಲು ಬರುವವರು ಒಬ್ಬರೂ ಇಲ್ಲವಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಡಿಕ್ಕಿ ತೆಗೆದು ಬ್ಯಾಟರಿಯ ತಂತಿ ಕಳಚಿ, ಕಾಫಿ ಕುಡಿದು ಬರುವಷ್ಟು ಹೊತ್ತು ಕಾದು, ನಾರ್ಡಿಯನ್ನು ಬಿಚ್ಚಿದೆ. ಆ ದಪ್ಪ ಗಂಟಿನ ಒರಟು ಸ್ಟೀರಿಂಗು ಪೆಟ್ಟಿಗೆಯಿಂದ ಇಳಿದು ತನ್ನ ಜಾಗಕ್ಕೆ ಬಂತು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ಎಚ್ಚರಿಕೆ ದೀಪ ಹತ್ತಿ ಆರಿತು.

ಮಗಳು ಬಂದು ಕೂತಳು. ಅವಳು ಅವಳಮ್ಮನ ಎತ್ತರ, ಐದಡಿ ಎರಡಂಗುಲ. ಗಾಜಿನ ಕೆಳಗಂಚಿನ ಮೇಲೆ ಕಣ್ಣು, ಹಣೆ ಮಾತ್ರ ಕಾಣುತ್ತಿತ್ತು. "ಅಪ್ಪಾ, ನನಗೆ ಬಾನೆಟ್ಟೇ ಕಾಣಿಸ್ತಿಲ್ಲ" ಅಂದಳು. ನಾನು ಅಟ್ಟದ ಕಡೆ ನೋಡಿದೆ.

ಹತ್ತೊಂಬತ್ತು ವರ್ಷ ಸೀರೆಯೊಳಗಿದ್ದ ಸ್ಪಂಜಿನ ಅಂಚು ಸ್ವಲ್ಪ ಪುಡಿಯಾಗಿತ್ತು, ನಡುಭಾಗ ಗಟ್ಟಿಯಾಗಿಯೇ ಇತ್ತು. ಸೀಟಿನೊಳಗೆ ಮತ್ತೆ ಅಂಟಿಸಿಬಿಡೋಣ ಅಂದೆ. ಅವಳು ಒಪ್ಪಲಿಲ್ಲ. "ಬೇಡ, ನೀನು ಓಡಿಸುವಾಗ ತೆಗೀಬೇಕಲ್ಲ." ಅದೇ ಸೀರೆ ತುಂಡಿಗೆ ತನ್ನಮ್ಮನ ಹೊಲಿಗೆ ಯಂತ್ರದಲ್ಲಿ ಮೂರು ಕಡೆ ಹೊಲಿಗೆ ಹಾಕಿ ಚೀಲ ಮಾಡಿ, ಸ್ಪಂಜನ್ನು ಅದರೊಳಗೆ ತೂರಿಸಿ, ಜಾರದಂತೆ ನಾಲ್ಕು ಮೂಲೆಯಿಂದ ಸೀಟಿನ ಕಂಬಿಗೆ ಲಾಡಿ ಕಟ್ಟಿದಳು. ಕೂತು ನೋಡಿದಳು. ಬಾನೆಟ್ಟಿನ ತುದಿಯವರೆಗೂ ಕಂಡಿತು.

ಆಮೇಲೆ ಚೀಟಿ ಕೇಳಿದಳು. ನಾರ್ಡಿಗೆ ಕಟ್ಟುವ ಚೀಟಿ. ತಾರೀಖು ಬರೆದಳು, ಬೋಲ್ಟುಗಳನ್ನು ಎಣಿಸಿ ಬರೆದಳು. ಯಾಕೆ ಬಿಚ್ಚಿದ್ದು ಎಂಬಲ್ಲಿ ಪೆನ್ನು ನಿಲ್ಲಿಸಿ ಯೋಚಿಸಿ, ನಿಧಾನಕ್ಕೆ ಕನ್ನಡದಲ್ಲಿ ಬರೆದಳು: ನಾನು ಕಲಿಯುವ ತನಕ.